ಗೋಲಿನ ನಂತರದ ನಿಮಿಷಗಳು

ಗದ್ದೆ ಕೊಯ್ಲು ಮುಗಿದು ಮಂಜು ಬೀಳತೊಡಗಿದರೆ ನಮ್ಮ ಕಡೆ ಪಂದ್ಯಾಟಗಳ ಕಾಲ. ಗುರುವಾಯನಕೆರೆಯ ನಾಲ್ಕೂ ದಿಕ್ಕಿನ ರಸ್ತೆಗಳಲ್ಲಿ, ಇತ್ತ ಮಡಂತ್ಯಾರು, ಬಂಟ್ವಾಳದವರೆಗೆ, ಅತ್ತ ವೇಣೂರು, ಮೂಡುಬಿದಿರೆಯವರೆಗೆ ಹೊನಲು ಬೆಳಕಿನ ಕಬಡ್ಡಿ, ವಾಲಿಬಾಲ್, ಕ್ರಿಕೆಟ್, ಫುಟ್ಬಾಲ್ ಪಂದ್ಯಾಟಗಳ ಫ್ಲೆಕ್ಸ್‌ಗಳು ಎದ್ದು ನಿಲ್ಲುತ್ತವೆ. ನಮ್ಮ ಜಮಾಅತ್‌ಗಳ ಯುವಕರು ಆಟಗಾರರಾಗಿಯೂ ಇರುತ್ತಾರೆ, ಸಂಘಟಕರಾಗಿಯೂ ಇರುತ್ತಾರೆ. ಮಕ್ಕಳು ಕೆಟ್ಟ ಚಟಗಳಿಗೆ ಬೀಳದೆ ಮೈದಾನದಲ್ಲಿ ಬೆವರು ಸುರಿಸಲಿ ಎಂದು ಹಿರಿಯರೂ ಕೈಲಾದಷ್ಟು ಚಂದಾ ಕೊಡುತ್ತಾರೆ. ಅದು ಒಳ್ಳೆಯದೇ. ಈ ಹೊತ್ತಿನಲ್ಲಿ ಇಪ್ಪತ್ತು ವರ್ಷಗಳಿಗೂ ಹಿಂದಿನ ಒಂದು ಡಿಸೆಂಬರ್ ಸಂಜೆಯ ಚರಿತ್ರೆಯನ್ನು ಓದುಗರ ಮುಂದಿಡುತ್ತಿದ್ದೇವೆ. ಅದು ನಮ್ಮ ರಾಜ್ಯದ ರಾಜಧಾನಿಯಲ್ಲೇ ನಡೆದದ್ದು.

2004ರ ಡಿಸೆಂಬರ್ 5, ಭಾನುವಾರ. ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಫೆಡರೇಷನ್ ಕಪ್ ಫುಟ್ಬಾಲ್ ಫೈನಲ್. ಒಂದು ಕಡೆ ಕೋಲ್ಕತ್ತದ ಹಳೆಯ, ಬಲಾಢ್ಯ ತಂಡ ಮೋಹನ್ ಬಾಗಾನ್. ಇನ್ನೊಂದು ಕಡೆ ಗೋವಾದ ಡೆಂಪೊ. ಡೆಂಪೊ ತಂಡದ ಮುಂಚೂಣಿಯಲ್ಲಿ ಹತ್ತನೇ ನಂಬರಿನ ಅಂಗಿ ತೊಟ್ಟು ಆಡುತ್ತಿದ್ದವರು ಬ್ರೆಜಿಲ್‌ನ ಯುವಕ ಕ್ರಿಸ್ಟಿಯಾನೊ ಜೂನಿಯರ್. ಪೂರ್ತಿ ಹೆಸರು ಕ್ರಿಸ್ಟಿಯಾನೊ ಸೆಬಾಸ್ಟಿಯಾವೊ ಡಿ ಲಿಮಾ ಜೂನಿಯರ್. ಹುಟ್ಟಿದ್ದು 1979ರ ಜೂನ್ 5ರಂದು. ಅಂದರೆ ಆ ಭಾನುವಾರಕ್ಕೆ ಅವರಿಗೆ ಸರಿಯಾಗಿ ಇಪ್ಪತ್ತೈದು ವರ್ಷ ಆರು ತಿಂಗಳು.

ಆ ಪಂದ್ಯವನ್ನು ಡೆಂಪೊ 2-0 ಅಂತರದಲ್ಲಿ ಗೆದ್ದಿತು. ಎರಡು ಗೋಲುಗಳನ್ನೂ ಹೊಡೆದದ್ದು ಜೂನಿಯರ್. ಎರಡನೆಯ ಗೋಲಿಗೆ ಅವರು ಚೆಂಡಿನೊಂದಿಗೆ ನುಗ್ಗಿದಾಗ ಅದನ್ನು ತಡೆಯಲು ಮೋಹನ್ ಬಾಗಾನ್‌ನ ಗೋಲ್‌ಕೀಪರ್ ಮುಂದೆ ಓಡಿ ಬಂದರು. ಚೆಂಡು ಬಲೆಯೊಳಗೆ ಹೋಯಿತು. ಇಬ್ಬರೂ ಡಿಕ್ಕಿಯಾದರು. ಜೂನಿಯರ್ ನೆಲಕ್ಕೆ ಬಿದ್ದರು, ಮತ್ತೆ ಏಳಲಿಲ್ಲ. ತಂಡದ ಗೆಳೆಯರು ಸುತ್ತ ಸೇರಿದರು, ಉಸಿರು ಕೊಡಲು ನೋಡಿದರು, ಎದೆ ಒತ್ತಲು ನೋಡಿದರು. ಆಸ್ಪತ್ರೆಗೆ ಸೇರಿಸುವಾಗ ಜೀವ ಹೋಗಿತ್ತು. ಕಪ್ ಗೆದ್ದುಕೊಟ್ಟವರು ಕಪ್ಪನ್ನು ಕಣ್ಣಲ್ಲಿ ನೋಡಲಿಲ್ಲ.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ಗೋಲು ಹೊಡೆದು ಸತ್ತ ಆಟಗಾರ ಎಂದು ಒಂದು ನಿಟ್ಟುಸಿರು, ಡಿಕ್ಕಿ ಹೊಡೆದ ಗೋಲ್‌ಕೀಪರ್ ಮೇಲೆ ಒಂದಿಷ್ಟು ಸಿಟ್ಟು, ಅಷ್ಟೇ. ನಮಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಗೋಲಿನ ನಂತರದ ನಿಮಿಷಗಳು. ಅದಕ್ಕೆ ಬರುವ ಮುಂಚೆ ಈ ಯುವಕ ಇಲ್ಲಿಗೆ ಬಂದ ದಾರಿಯನ್ನು ಸ್ವಲ್ಪ ನೋಡೋಣ.

ಹೊಟ್ಟೆಪಾಡಿಗಾಗಿ ದೂರದೇಶಕ್ಕೆ ಹೋಗುವುದು ನಮ್ಮ ಜಿಲ್ಲೆಯ ಮನೆಗಳಿಗೆ ಹೊಸದಲ್ಲ. ದುಬೈ, ಜಿದ್ದಾ, ದಮ್ಮಾಮ್ ಎಂದರೆ ನಮಗೆ ಪಕ್ಕದ ಊರಿದ್ದ ಹಾಗೆ. ಫುಟ್ಬಾಲ್‌ಗೂ ಇಂಥದೊಂದು ವಲಸೆಯ ದಾರಿ ಇದೆ. ಬ್ರೆಜಿಲ್‌ನಲ್ಲಿ ಗಲ್ಲಿಗೊಬ್ಬ ಪ್ರತಿಭಾವಂತ ಆಟಗಾರ. ಅವರಲ್ಲಿ ಬೆರಳೆಣಿಕೆಯವರಿಗೆ ಯುರೋಪಿನ ದೊಡ್ಡ ಕ್ಲಬ್‌ಗಳು ಬಾಗಿಲು ತೆರೆಯುತ್ತವೆ. ಉಳಿದವರು ಕರೆದಲ್ಲಿಗೆ ಹೋಗುತ್ತಾರೆ. ಭಾರತಕ್ಕೆ ಬಂದವರಲ್ಲಿ ಮೋಹನ್ ಬಾಗಾನ್‌ನ ಜೋಸ್ ರಾಮಿರೆಜ್ ಬ್ಯಾರೆಟೊ ಬಹಳ ಹೆಸರು ಮಾಡಿದರು. ಕೋಲ್ಕತ್ತಕ್ಕೆ ಹೊರದೇಶದ ಆಟಗಾರರು ಬರುವ ರೂಢಿ ಅದಕ್ಕಿಂತಲೂ ಹಳೆಯದು. 1980ರಲ್ಲಿ ಈಸ್ಟ್ ಬೆಂಗಾಲ್ ಪರ ಆಡಿ ಆ ನಗರವನ್ನೇ ಮರುಳು ಮಾಡಿದ ಮಜೀದ್ ಬಿಷ್ಕರ್, ಜಮ್ಶಿದ್ ನಸ್ಸಿರಿ ಇಬ್ಬರೂ ಇರಾನಿನವರು. ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯಕ್ಕೆ ಓದಲು ಬಂದು ಅಲ್ಲಿಂದ ಫುಟ್ಬಾಲಿಗೆ ಹೋದವರು.

ಜೂನಿಯರ್ ಕೂಡ ಇಲ್ಲಿ ಮೊದಲು ಹೆಸರು ಮಾಡಿದ್ದು ಈಸ್ಟ್ ಬೆಂಗಾಲ್‌ನಲ್ಲೇ. 2003-04ರ ರಾಷ್ಟ್ರೀಯ ಫುಟ್ಬಾಲ್ ಲೀಗ್‌ನಲ್ಲಿ ಅವರು 15 ಗೋಲುಗಳನ್ನು ಹೊಡೆದರು. ಆ ವರ್ಷ ಲೀಗ್‌ನಲ್ಲಿ ಅತಿ ಹೆಚ್ಚು ಗೋಲು ಹೊಡೆದವರು ಅವರೇ. ಈಸ್ಟ್ ಬೆಂಗಾಲ್ ಪ್ರಶಸ್ತಿ ಗೆದ್ದಿತು. ಮುಂದಿನ ಋತುವಿಗೆ ಗೋವಾದ ಡೆಂಪೊ ಅವರನ್ನು ಕರೆಸಿಕೊಂಡಿತು. ಅಲ್ಲಿ ತರಬೇತುದಾರರಾಗಿದ್ದವರು ಅರ್ಮಾಂಡೊ ಕೊಲಾಸೊ. ಮುಂಚೂಣಿಯಲ್ಲಿ ಜೊತೆಗಾರರಾಗಿ ಸಿಕ್ಕವರು ನೈಜೀರಿಯಾದ ರಾಂಟಿ ಮಾರ್ಟಿನ್ಸ್. ಮುಂದೆ ಇದೇ ರಾಂಟಿ ಭಾರತದ ಲೀಗ್ ಚರಿತ್ರೆಯ ದೊಡ್ಡ ಗೋಲುಗಾರರಲ್ಲಿ ಒಬ್ಬರಾದರು. ಇಬ್ಬರೂ ಜೊತೆಯಾಗಿ ಇನ್ನೂ ಕೆಲವು ವರ್ಷ ಆಡಿದ್ದರೆ ಏನಾಗುತ್ತಿತ್ತು ಎಂದು ಗೋವಾದ ಫುಟ್ಬಾಲ್ ಪ್ರಿಯರು ಕೇಳಿಕೊಳ್ಳುವುದು ಸಹಜ.

ಬೆಂಗಳೂರೂ ಫುಟ್ಬಾಲಿಗೆ ಸಾಮಾನ್ಯ ಊರಲ್ಲ. ಇದನ್ನು ನಮ್ಮ ಮಕ್ಕಳು ತಿಳಿದಿರಬೇಕು. ಮುಂಬಯಿಯಲ್ಲಿ 1891ರಲ್ಲಿ ಆರಂಭವಾದ ರೋವರ್ಸ್ ಕಪ್ ದಶಕಗಳ ಕಾಲ ಬ್ರಿಟಿಷ್ ಸೈನ್ಯದ ತಂಡಗಳ ಕೈಯಲ್ಲೇ ಇತ್ತು. ಅದನ್ನು ಅವರ ಕೈಯಿಂದ ಕಿತ್ತುಕೊಂಡ ಮೊದಲ ಭಾರತೀಯ ತಂಡದ ಹೆಸರು ‘ಬೆಂಗಳೂರು ಮುಸ್ಲಿಮ್ಸ್’. ವರ್ಷ 1937. ಫೈನಲ್‌ನಲ್ಲಿ ಸೋಲಿಸಿದ್ದು ಆಗಿನ ಕಾಲದ ಸಿಂಹ ಎನಿಸಿದ್ದ ಕೋಲ್ಕತ್ತದ ಮೊಹಮ್ಮಡನ್ ಸ್ಪೋರ್ಟಿಂಗ್ ಅನ್ನು. ಮರುವರ್ಷ ಮತ್ತೆ ಗೆದ್ದರು, ಈ ಸಲ ಎದುರಾಳಿ ಬ್ರಿಟಿಷ್ ರೆಜಿಮೆಂಟ್. 1948ರಲ್ಲಿ ಮೋಹನ್ ಬಾಗಾನ್ ವಿರುದ್ಧ ಮೂರನೇ ಬಾರಿ. ಅದೇ ತಂಡದಲ್ಲಿ ಆಡಿದ ಬೆಂಗಳೂರಿನ ಅಹ್ಮದ್ ಖಾನ್ 1948ರ ಲಂಡನ್ ಮತ್ತು 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ಗಳಲ್ಲಿ ಭಾರತಕ್ಕೆ ಆಡಿದರು. ಲಂಡನ್ನಿನಲ್ಲಿ ನಮ್ಮ ತಂಡದ ಹೆಚ್ಚಿನವರು ಆಡಿದ್ದು ಬರಿಗಾಲಲ್ಲಿ. ನಂತರ ಅಹ್ಮದ್ ಖಾನ್ ಈಸ್ಟ್ ಬೆಂಗಾಲ್ ಸೇರಿ ಹತ್ತು ವರ್ಷ ಆಡಿದರು. ಅಲ್ಲಿನ ಐವರು ಮುಂಚೂಣಿ ಆಟಗಾರರನ್ನು ಬಂಗಾಳಿಗಳು ಪಂಚಪಾಂಡವರೆಂದು ಕರೆದರು. ಆ ಐವರಲ್ಲಿ ಅಹ್ಮದ್ ಖಾನ್, ಸಾಲೇಹ್ ಇಬ್ಬರು ನಮ್ಮವರು ಎಂಬುದನ್ನೂ, ಆ ಹೆಸರಿನ ಬಗ್ಗೆ ಯಾರಿಗೂ ಯಾವ ತಕರಾರೂ ಇರಲಿಲ್ಲ ಎಂಬುದನ್ನೂ ಇಂದಿನ ದಿನಗಳಲ್ಲಿ ನೆನೆಯುವುದು ಚೆನ್ನ. ಅಹ್ಮದ್ ಖಾನ್ 2017ರಲ್ಲಿ ಕೋಲ್ಕತ್ತದಲ್ಲಿ ತೀರಿಕೊಂಡಾಗ ಅವರಿಗೆ 90 ವರ್ಷ.

ಬೆಂಗಳೂರಿನಿಂದ ಹೋಗಿ ಈಸ್ಟ್ ಬೆಂಗಾಲ್ ಸೇರಿದವರಿಗೆ ಅಲ್ಲಾಹನು 90 ವರ್ಷ ಆಯುಷ್ಯ ಕೊಟ್ಟ. ಈಸ್ಟ್ ಬೆಂಗಾಲ್‌ನಿಂದ ಗೋವಾ ಸೇರಿ ಬೆಂಗಳೂರಿಗೆ ಬಂದವರು 25ಕ್ಕೆ ಹೋದರು. ಇದನ್ನು ಅಜಲ್ ಎನ್ನುತ್ತೇವೆ. ಗೊತ್ತುಪಡಿಸಿದ ಗಳಿಗೆ, ಒಂದು ಕ್ಷಣ ಹಿಂದೆ ಸರಿಯದು, ಮುಂದೆ ಸರಿಯದು. ಇದರಲ್ಲಿ ನಮಗಾರಿಗೂ ಸಂಶಯವಿಲ್ಲ.

ಆದರೆ ಈ ಮಾತನ್ನು ಯಾರು, ಯಾರಿಗೆ, ಯಾವಾಗ ಹೇಳುತ್ತಾರೆ ಎಂಬುದು ಮುಖ್ಯ. ಮಗನನ್ನು ಕಳೆದುಕೊಂಡ ತಾಯಿಯ ಪಕ್ಕದಲ್ಲಿ ಕೂತು ಹೇಳಿದರೆ ಅದು ಸಾಂತ್ವನ. ಪಂದ್ಯಾಟ ನಡೆಸಿದವರು ತಮಗೆ ತಾವೇ ಹೇಳಿಕೊಂಡರೆ ಅದು ಲೆಕ್ಕ ತಪ್ಪಿಸಿಕೊಳ್ಳುವ ದಾರಿ. ಒಂಟೆಯನ್ನು ಕಟ್ಟಿಹಾಕಿ ಆಮೇಲೆ ಅಲ್ಲಾಹನ ಮೇಲೆ ಭರವಸೆ ಇಡುವ ಹದೀಸ್ ಮದ್ರಸದ ಮಕ್ಕಳಿಗೂ ಗೊತ್ತು. ಕಂಠೀರವದಲ್ಲಿ ಆ ಸಂಜೆ ಹಗ್ಗ ಕಟ್ಟಿತ್ತೇ ಎಂಬುದೇ ಪ್ರಶ್ನೆ.

ಶವಪರೀಕ್ಷೆಯಲ್ಲಿ ಸಾವಿಗೆ ಕಾರಣ ಹೃದಯ ಸ್ತಂಭನ ಎಂದು ತಿಳಿಯಿತು. ನಮ್ಮಲ್ಲಿ ಇದನ್ನೂ ಹೃದಯಾಘಾತವನ್ನೂ ಒಂದೇ ಎಂದು ತಿಳಿಯುವವರು ಬಹಳ. ಎರಡೂ ಬೇರೆ. ಹೃದಯಾಘಾತವೆಂದರೆ ಹೃದಯಕ್ಕೆ ರಕ್ತ ಕೊಡುವ ನಾಳ ಕಟ್ಟಿಕೊಳ್ಳುವುದು. ಎದೆನೋವು, ಬೆವರು ಕಾಣಿಸಿಕೊಂಡು ಆಸ್ಪತ್ರೆಗೆ ಹೋಗಲು ಸಾಮಾನ್ಯವಾಗಿ ಒಂದಿಷ್ಟು ಸಮಯ ಇರುತ್ತದೆ. ಹೃದಯ ಸ್ತಂಭನದಲ್ಲಿ ಹೃದಯದ ಬಡಿತವನ್ನು ನಡೆಸುವ ವಿದ್ಯುತ್ ತಾಳ ಒಮ್ಮೆಲೇ ತಪ್ಪುತ್ತದೆ. ಹೃದಯ ಬಡಿಯುವ ಬದಲು ಸುಮ್ಮನೆ ನಡುಗುತ್ತದೆ, ರಕ್ತ ಹರಿಯುವುದಿಲ್ಲ. ಮನುಷ್ಯ ನಿಂತಲ್ಲೇ ಬೀಳುತ್ತಾನೆ. ಎದೆಗೆ ಒಂದು ನಿರ್ದಿಷ್ಟ ಕ್ಷಣದಲ್ಲಿ ಬಲವಾದ ಪೆಟ್ಟು ಬಿದ್ದರೂ ಹೀಗಾಗಬಹುದು. ಹುಟ್ಟಿನಿಂದ ಹೃದಯದ ಸ್ನಾಯು ದಪ್ಪಗಿರುವವರಿಗೆ, ಗಟ್ಟಿಮುಟ್ಟಾಗಿ ಕಾಣುವ ಹುಡುಗರಿಗೂ, ಜೋರಾಗಿ ಓಡುವಾಗ ಹೀಗಾಗಬಹುದು. 2003ರ ಜೂನ್ 26ರಂದು ಫ್ರಾನ್ಸಿನ ಲಿಯೋನ್ ನಗರದಲ್ಲಿ ಕ್ಯಾಮರೂನ್‌ನ ಮಾರ್ಕ್-ವಿವಿಯನ್ ಫೋ ಮೈದಾನದ ನಡುವೆ ಒಬ್ಬರೇ ಕುಸಿದು ಬಿದ್ದು ಸತ್ತದ್ದು ಇದೇ ಕಾರಣದಿಂದ. ಹತ್ತಿರದಲ್ಲಿ ಎದುರಾಳಿ ಯಾರೂ ಇರಲಿಲ್ಲ. ವಯಸ್ಸು 28.

ಬಿದ್ದ ನಂತರ ಏನೂ ಮಾಡದೆ ಕಳೆಯುವ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ನೂರಕ್ಕೆ ಏಳರಿಂದ ಹತ್ತರಷ್ಟು ಇಳಿಯುತ್ತದೆ ಎನ್ನುತ್ತಾರೆ ವೈದ್ಯರು. ನಾಲ್ಕೈದು ನಿಮಿಷ ರಕ್ತ ಸಿಗದಿದ್ದರೆ ಮಿದುಳು ಸಾಯತೊಡಗುತ್ತದೆ. ಉಳಿಸುವ ಕೆಲಸ ಎರಡೇ. ತಕ್ಷಣ ಎದೆಯ ನಡುವೆ ಎರಡೂ ಕೈ ಇಟ್ಟು ಬಲವಾಗಿ, ನಿಲ್ಲಿಸದೆ ಒತ್ತುತ್ತಿರುವುದು ಒಂದು. ಎಇಡಿ ಎಂಬ ಸಣ್ಣ ಪೆಟ್ಟಿಗೆಯಂಥ ಯಂತ್ರದಿಂದ ಹೃದಯಕ್ಕೆ ವಿದ್ಯುತ್ ಆಘಾತ ಕೊಟ್ಟು ತಾಳ ಸರಿಪಡಿಸುವುದು ಇನ್ನೊಂದು. ಈ ಎರಡರಲ್ಲಿ ಯಾವುದಕ್ಕೂ ದೊಡ್ಡ ಆಸ್ಪತ್ರೆ ಬೇಕಿಲ್ಲ. ಅವು ಆಗಬೇಕಾದ್ದು ಬಿದ್ದ ಜಾಗದಲ್ಲೇ.

ಜೂನಿಯರ್ ಬಿದ್ದದ್ದು ರಾಷ್ಟ್ರಮಟ್ಟದ ಫೈನಲ್‌ನಲ್ಲಿ, ರಾಜಧಾನಿಯ ನಡುಮಧ್ಯದ ಕ್ರೀಡಾಂಗಣದಲ್ಲಿ. ಅಂಥ ಪಂದ್ಯದಲ್ಲೂ ವೈದ್ಯಕೀಯ ಏರ್ಪಾಡು ಏನೇನೂ ಸಾಲದಾಗಿತ್ತು ಎಂಬ ಟೀಕೆ ದೇಶದಾದ್ಯಂತ ಎದ್ದಿತು. ತನಿಖೆಯ ಮಾತು ಬಂತು. ಆದರೆ ಜನರ ಬಾಯಲ್ಲಿ ಉಳಿದದ್ದು ಏರ್ಪಾಡಿನ ಮಾತಲ್ಲ, ಡಿಕ್ಕಿಯ ಮಾತು. ಮೋಹನ್ ಬಾಗಾನ್‌ನ ಆ ಗೋಲ್‌ಕೀಪರ್ ಸುಬ್ರತಾ ಪಾಲ್. ಆಗಿನ್ನೂ ಹದಿನೆಂಟರ ಆಸುಪಾಸಿನ ಹುಡುಗ. ಹಿರಿಯರ ತಂಡದಲ್ಲಿ ಹೊಸಬ. ಆ ಸಂಜೆ ಅವರ ಹೆಸರಿನ ಹಿಂದೆ ವರ್ಷಗಟ್ಟಲೆ ಬಂತು. ಅವರು ಆಟ ಬಿಡಲಿಲ್ಲ. 2009ರ ನೆಹರೂ ಕಪ್ ಫೈನಲ್‌ನಲ್ಲಿ ಸಿರಿಯಾ ವಿರುದ್ಧ ಪೆನಾಲ್ಟಿಗಳನ್ನು ತಡೆದು ಭಾರತವನ್ನು ಗೆಲ್ಲಿಸಿದರು. 2011ರ ಏಷ್ಯಾ ಕಪ್‌ನಲ್ಲಿ ದಕ್ಷಿಣ ಕೊರಿಯಾ ವಿರುದ್ಧ ಅವರು ತಡೆದ ಚೆಂಡುಗಳನ್ನು ಕಂಡು ಕೊರಿಯಾದವರೇ ಸ್ಪೈಡರ್‌ಮ್ಯಾನ್ ಎಂದು ಕರೆದರು. ಮುಂದೆ ಅರ್ಜುನ ಪ್ರಶಸ್ತಿಯೂ ಬಂತು. ಚೆಂಡಿಗಾಗಿ ಧಾವಿಸಿದ ಹುಡುಗನನ್ನು ಕೊಲೆಗಾರನಂತೆ ನೋಡುವುದು ಸುಲಭವಿತ್ತು. ಒಬ್ಬ ಮನುಷ್ಯನ ಮೇಲೆ ಹೊರೆ ಹೊರಿಸಿದರೆ ಮೈದಾನದ ಅಂಚಿನಲ್ಲಿ ಇರಬೇಕಾಗಿದ್ದ ಯಂತ್ರದ ಬಗ್ಗೆ, ತರಬೇತಿಯ ಬಗ್ಗೆ ಯಾರೂ ಕೇಳುವುದಿಲ್ಲ. ನಮ್ಮ ಊರುಗಳಲ್ಲಿ ಅಪಘಾತವಾದಾಗಲೂ ಹೀಗೆಯೇ ಅಲ್ಲವೇ? ಚಾಲಕನನ್ನು ಹಿಡಿದು ಹೊಡೆಯಲು ಹತ್ತು ಜನ, ಗಾಯಾಳುವನ್ನು ಎತ್ತಲು ಇಬ್ಬರು.

ಡೆಂಪೊ ಕ್ಲಬ್ ತನ್ನ ಹತ್ತನೇ ನಂಬರಿನ ಅಂಗಿಯನ್ನು ಇನ್ನು ಯಾರಿಗೂ ಕೊಡುವುದಿಲ್ಲವೆಂದು ತೀರ್ಮಾನಿಸಿತು. ಆ ಋತುವಿನ ರಾಷ್ಟ್ರೀಯ ಲೀಗನ್ನು, ತನ್ನ ಚರಿತ್ರೆಯಲ್ಲಿ ಮೊದಲ ಬಾರಿಗೆ, ಡೆಂಪೊವೇ ಗೆದ್ದಿತು. ಗೋವಾದಲ್ಲಿ ಜೂನಿಯರ್ ಹೆಸರು ಇಂದಿಗೂ ಇದೆ.

ಹೆಸರು ಉಳಿಯುವುದೂ ಪಾಠ ಉಳಿಯುವುದೂ ಒಂದೇ ಅಲ್ಲ. ಅದು ಗೊತ್ತಾದದ್ದು ಏಳು ವರ್ಷಗಳ ನಂತರ, ಅದೇ ಬೆಂಗಳೂರಿನಲ್ಲಿ.

2012ರ ಮಾರ್ಚ್ 21, ಬುಧವಾರ. ಬೆಂಗಳೂರು ಫುಟ್ಬಾಲ್ ಕ್ರೀಡಾಂಗಣದಲ್ಲಿ ಜಿಲ್ಲಾ ‘ಎ’ ಡಿವಿಷನ್ ಲೀಗ್‌ನ ಒಂದು ಪಂದ್ಯ. ಬೆಂಗಳೂರು ಮಾರ್ಸ್ ಎಂಬ ಸ್ಥಳೀಯ ತಂಡಕ್ಕೂ ನೈಋತ್ಯ ರೈಲ್ವೆಗೂ. ಟಿವಿ ಇಲ್ಲ, ದೊಡ್ಡ ಜನಜಂಗುಳಿ ಇಲ್ಲ. ಮಾರ್ಸ್ ತಂಡದ ಡಿ. ವೆಂಕಟೇಶ್ ದ್ವಿತೀಯಾರ್ಧದಲ್ಲಿ ಬದಲಿ ಆಟಗಾರರಾಗಿ ಮೈದಾನಕ್ಕೆ ಇಳಿದರು. ಪಂದ್ಯ ಮುಗಿಯಲು ಇನ್ನೇನು ಸ್ವಲ್ಪ ಹೊತ್ತಿದೆ ಎನ್ನುವಾಗ ಕುಸಿದು ಬಿದ್ದರು. ಮೈದಾನದಲ್ಲಿ ಆಂಬ್ಯುಲೆನ್ಸ್ ಇರಲಿಲ್ಲ. ಜೊತೆಯ ಆಟಗಾರರು ಅವರನ್ನು ಎತ್ತಿಕೊಂಡು ಹೊರಗೆ ಓಡಿ ಒಂದು ಆಟೋರಿಕ್ಷಾ ಹಿಡಿದು ಆಸ್ಪತ್ರೆಗೆ ಹೋದರು. ಅಷ್ಟರಲ್ಲಿ ಎಲ್ಲ ಮುಗಿದಿತ್ತು. ವೆಂಕಟೇಶ್‌ಗೆ 27 ವರ್ಷ.

2004ರಲ್ಲಿ ಕರ್ನಾಟಕದಲ್ಲಿ 108 ಆಂಬ್ಯುಲೆನ್ಸ್ ಸೇವೆಯೇ ಇರಲಿಲ್ಲ, ಅದು ಆರಂಭವಾದದ್ದು 2008ರ ನವೆಂಬರ್‌ನಲ್ಲಿ. 2012ಕ್ಕೆ ಅದೂ ಬಂದಿತ್ತು, ಜೂನಿಯರ್ ಸಾವಿನ ನೆನಪೂ ಇತ್ತು. ಆದರೂ ಒಬ್ಬ ಆಟಗಾರ ಕೊನೆಯ ಉಸಿರಿಗೆ ಆಟೋದಲ್ಲಿ ಹೋಗಬೇಕಾಯಿತು. ಎತ್ತಿಕೊಂಡು ಓಡಿದ ಆ ಗೆಳೆಯರನ್ನು ದೂರುವಂತಿಲ್ಲ. ಅವರ ಕೈಯಲ್ಲಿ ಏನಿತ್ತೋ ಅದನ್ನು ಮಾಡಿದರು. ಆದರೆ ಹೃದಯ ನಿಂತವನನ್ನು ಆಟೋದ ಸೀಟಿನಲ್ಲಿ ಮಡಚಿ ಕೂರಿಸಿಕೊಂಡು ಹೋಗುವಾಗ ಎದೆ ಒತ್ತಲಾಗುವುದಿಲ್ಲ. ಆಸ್ಪತ್ರೆ ಎಷ್ಟೇ ಹತ್ತಿರವಿದ್ದರೂ ಆ ನಿಮಿಷಗಳು ವ್ಯರ್ಥ. ನಮ್ಮ ಕಡೆ ಇಂಥ ಹೊತ್ತಲ್ಲಿ ಮೊದಲು ಬರುವ ಮಾತು ‘ಗಾಡಿಗೆ ಹಾಕಿ, ಗಾಡಿಗೆ ಹಾಕಿ’ ಎಂಬುದು. ಒಳ್ಳೆಯ ಮನಸ್ಸಿನಿಂದ ಬರುವ ಮಾತೇ. ಜೀವ ತೆಗೆಯುವುದೂ ಆ ಮಾತೇ.

ವೆಂಕಟೇಶ್ ಬಿದ್ದದ್ದಕ್ಕೆ ನಾಲ್ಕೇ ದಿನ ಹಿಂದೆ, ಮಾರ್ಚ್ 17ರಂದು, ಲಂಡನ್ನಿನಲ್ಲಿ ಟಾಟ್ನಂ ತಂಡದ ಮೈದಾನದಲ್ಲಿ ಬೋಲ್ಟನ್ ತಂಡದ 23 ವರ್ಷದ ಫ್ಯಾಬ್ರಿಸ್ ಮುವಾಂಬ ಇದೇ ರೀತಿ ಕುಸಿದು ಬಿದ್ದಿದ್ದರು. ಅಲ್ಲಿ ಮೈದಾನದ ಅಂಚಿನಲ್ಲೇ ತರಬೇತಾದವರು ಇದ್ದರು, ಯಂತ್ರ ಇತ್ತು. ಪ್ರೇಕ್ಷಕರ ನಡುವೆ ಕೂತಿದ್ದ ಒಬ್ಬ ಹೃದ್ರೋಗ ತಜ್ಞರು ಕಾವಲಿನವರನ್ನು ಒಪ್ಪಿಸಿ ಒಳಗೆ ಓಡಿ ಬಂದರು. ಮುವಾಂಬ ಅವರ ಹೃದಯ ತಾನಾಗಿ ಬಡಿಯದೆ ಇದ್ದದ್ದು 78 ನಿಮಿಷ. ಅಷ್ಟೂ ಹೊತ್ತು ಯಾರೋ ಒಬ್ಬರ ಕೈ ಅವರ ಎದೆಯ ಮೇಲಿತ್ತು. ಅವರು ಬದುಕಿದರು. ಮತ್ತೆ ಆಡಲು ಆಗಲಿಲ್ಲ, ಆದರೆ ಮನೆಗೆ ನಡೆದುಕೊಂಡು ಹೋದರು.

ಒಂದೇ ವಾರ, ಒಂದೇ ಆಟ, ಒಂದೇ ಬಗೆಯ ಬೀಳುವಿಕೆ. ಇಬ್ಬರ ಹೃದಯವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು, ಯಾರ ಕಾಯಿಲೆ ಎಷ್ಟು ಗಂಭೀರವಾಗಿತ್ತೆಂಬುದು ಬೇರೆ ವಿಷಯ. ಆದರೆ ಒಬ್ಬರಿಗೆ ಎಲ್ಲ ಪ್ರಯತ್ನವೂ ಸಿಕ್ಕಿತು. ಇನ್ನೊಬ್ಬರಿಗೆ ಆಟೋ ಸಿಕ್ಕಿತು.

ಶ್ರೀಮಂತ ದೇಶದವರಿಗೆ ಎಲ್ಲ ಉಂಟು, ನಮಗೆಲ್ಲಿಂದ ಎಂದು ಯಾರಾದರೂ ಹೇಳಬಹುದು. ಹಣ ಒಂದಿದ್ದರೆ ಸಾಲದು ಎಂಬುದಕ್ಕೆ ಇನ್ನೊಂದು ಪ್ರಕರಣ ಇದೆ, ಅದನ್ನು ಬರೆಯುವಾಗ ನಮ್ಮ ಮನಸ್ಸು ಭಾರವಾಗುತ್ತದೆ. ನೆದರ್ಲೆಂಡ್ಸ್‌ನ ಪ್ರಸಿದ್ಧ ಅಯಾಕ್ಸ್ ಕ್ಲಬ್‌ನ ಅಬ್ದುಲ್‌ಹಕ್ ನೂರಿ ಮೊರೊಕ್ಕೊ ಮೂಲದ ಕುಟುಂಬದ ಹುಡುಗ. 1997ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಹುಟ್ಟಿದವರು. ಆ ದೇಶದ ಅತ್ಯುತ್ತಮ ಎಳೆಯ ಆಟಗಾರರಲ್ಲಿ ಒಬ್ಬರೆಂದು ಹೆಸರು. 2017ರ ಜುಲೈ 8ರಂದು ಆಸ್ಟ್ರಿಯಾದಲ್ಲಿ ನಡೆದ ಸ್ನೇಹಪಂದ್ಯವೊಂದರಲ್ಲಿ ಕುಸಿದು ಬಿದ್ದರು. ಕ್ಲಬ್‌ನ ವೈದ್ಯಕೀಯ ಸಿಬ್ಬಂದಿ ಅಲ್ಲೇ ಇದ್ದರು. ಆದರೆ ಅವರ ಗಮನವೆಲ್ಲ ಉಸಿರಾಟದ ಕಡೆ ಹೋಯಿತು, ಹೃದಯದ ಕಡೆ ತಡವಾಗಿ ಬಂತು, ಯಂತ್ರದ ಬಳಕೆಯೂ ತಡವಾಯಿತು. ನೂರಿಯ ಜೀವ ಉಳಿಯಿತು, ಆದರೆ ಮಿದುಳಿಗೆ ಶಾಶ್ವತ ಹಾನಿಯಾಯಿತು. ಇಪ್ಪತ್ತು ವರ್ಷದ ಮಗನನ್ನು ಮಗುವಿನಂತೆ ನೋಡಿಕೊಳ್ಳುವ ಜವಾಬ್ದಾರಿ ಆ ಕುಟುಂಬದ ಮೇಲೆ ಬಂತು. ಮರುವರ್ಷ ಅಯಾಕ್ಸ್ ಕ್ಲಬ್ ಬಹಿರಂಗವಾಗಿ, ಮೈದಾನದಲ್ಲಿ ಕೊಟ್ಟ ಚಿಕಿತ್ಸೆ ಸರಿಯಿರಲಿಲ್ಲ ಎಂದು ಒಪ್ಪಿಕೊಂಡಿತು. ಅಷ್ಟು ದೊಡ್ಡ ಕ್ಲಬ್ ಹಾಗೆ ಒಪ್ಪಿಕೊಂಡದ್ದನ್ನು ನಾವು ಮೆಚ್ಚುತ್ತೇವೆ. ಪೆಟ್ಟಿಗೆ ಇದ್ದರೂ, ಅದನ್ನು ಯಾವಾಗ ತೆರೆಯಬೇಕೆಂದು ಕೈಗೆ ಅಭ್ಯಾಸ ಇರಬೇಕು ಎಂಬುದು ಅಲ್ಲಿಂದ ತಿಳಿಯಿತು.

ಅಭ್ಯಾಸ ಇದ್ದರೆ ಏನಾಗುತ್ತದೆ ಎಂಬುದನ್ನು 2021ರ ಜೂನ್ 12ರಂದು ಲೋಕವೇ ಟಿವಿಯಲ್ಲಿ ನೋಡಿತು. ಕೋಪನ್‌ಹೇಗನ್‌ನಲ್ಲಿ ಡೆನ್ಮಾರ್ಕ್‌ನ ಕ್ರಿಸ್ಟಿಯನ್ ಎರಿಕ್ಸನ್ ಬಿದ್ದರು. ಎದೆ ಒತ್ತುವ ಕೆಲಸ ತಕ್ಷಣ ಆರಂಭವಾಯಿತು, ಯಂತ್ರ ಬಂತು, ಮೈದಾನದಲ್ಲೇ ಹೃದಯ ಮರಳಿ ಬಡಿಯಿತು. ಗೆಳೆಯರು ಸುತ್ತ ಗೋಡೆಯಂತೆ ನಿಂತು ಕ್ಯಾಮೆರಾಗಳಿಂದ ಮರೆಮಾಡಿದರು. ನಮ್ಮಲ್ಲಾದರೆ ಮೊಬೈಲ್‌ಗಳು ಮೇಲೇಳುವ ಹೊತ್ತು ಅದು. ಮರುವರ್ಷ ಎರಿಕ್ಸನ್ ಮತ್ತೆ ಮೈದಾನದಲ್ಲಿದ್ದರು.

ಜೂನಿಯರ್ ನಮ್ಮ ಊರಿನವರಲ್ಲ, ನಮ್ಮ ದೀನಿನವರೂ ಅಲ್ಲ, ಅವರ ಚರಿತ್ರೆ ಖುತ್ಬಾದ ಸಾರಾಂಶ ಬರುವ ಈ ಪತ್ರಿಕೆಯಲ್ಲಿ ಯಾಕೆ ಎಂದು ಕೇಳುವವರಿರಬಹುದು. ಒಂದು ಜೀವ ಉಳಿಸುವುದರ ಬೆಲೆಯನ್ನು ನಮ್ಮ ಖತೀಬರು ಮಿಂಬರ್ ಮೇಲಿಂದ ಎಷ್ಟೋ ಸಲ ಹೇಳಿದ್ದಾರೆ, ಆ ಜೀವ ಯಾರದೆಂದು ಅಲ್ಲಿ ಕೇಳಿಲ್ಲ. ನಮ್ಮ ಪಂದ್ಯಾಟಗಳಲ್ಲಿ ಆಡುವವರೂ ನಮ್ಮವರು ಮಾತ್ರ ಅಲ್ಲ. ಅಲ್ಲದೆ ಈ ವಿಷಯ ಬೆಂಗಳೂರಿಗೆ ನಿಂತಿಲ್ಲ. 2019ರ ಡಿಸೆಂಬರ್ 29ರಂದು ಮಲಪ್ಪುರಂ ಜಿಲ್ಲೆಯ ಪೆರಿಂದಲ್‌ಮಣ್ಣದಲ್ಲಿ ಸೆವೆನ್ಸ್ ಪಂದ್ಯಾಟದಲ್ಲಿ ಆಡುತ್ತಿದ್ದಾಗ ಆರ್. ಧನರಾಜನ್ ಕುಸಿದು ಬಿದ್ದು ತೀರಿಕೊಂಡರು. ಪಾಲಕ್ಕಾಡಿನವರು, 39 ವರ್ಷ. ಈಸ್ಟ್ ಬೆಂಗಾಲ್, ಮೋಹನ್ ಬಾಗಾನ್, ಮೊಹಮ್ಮಡನ್ ಸ್ಪೋರ್ಟಿಂಗ್ ಮೂರಕ್ಕೂ ಆಡಿದವರು. ಕೇರಳದ ಆ ಸೆವೆನ್ಸ್ ಆಟ ಗಡಿ ದಾಟಿ ನಮ್ಮ ಕರಾವಳಿಗೂ ಬಂದಿದೆ. ಕೊಯ್ದ ಗದ್ದೆಯಲ್ಲಿ, ಶಾಲಾ ಮೈದಾನದಲ್ಲಿ, ಏಳೇಳು ಜನ, ರಾತ್ರಿಯೆಲ್ಲ. ಒಂದೇ ರಾತ್ರಿ ಮೂರು ನಾಲ್ಕು ಪಂದ್ಯ ಆಡುವ ಹುಡುಗರಿದ್ದಾರೆ. ಹಗಲೆಲ್ಲ ಕೆಲಸ ಮಾಡಿ, ಊಟ ನಿದ್ದೆ ಸರಿಯಿಲ್ಲದೆ, ಜ್ವರ ಬಿಟ್ಟು ಎರಡು ದಿನವಾಗಿರದಿದ್ದರೂ ತಂಡಕ್ಕಾಗಿ ಇಳಿಯುವವರಿದ್ದಾರೆ. ಜ್ವರ ಬಂದು ಹೋದ ಮೈಯಲ್ಲಿ ಜೋರಾಗಿ ಆಡುವುದು ಹೃದಯಕ್ಕೆ ಅಪಾಯ ಎಂಬುದು ತಾಯಂದಿರಿಗೆ ತಿಳಿದಿರಲಿ. ಮಕ್ಕಳು ಹೇಗೂ ಕೇಳುವುದಿಲ್ಲ. ಮನೆಯಲ್ಲಿ ಹಿಂದೆ ಯಾರಾದರೂ ಸಣ್ಣ ಪ್ರಾಯದಲ್ಲಿ ದಿಢೀರನೆ ತೀರಿಕೊಂಡಿದ್ದರೆ, ಆಡುವಾಗ ಮಗ ತಲೆಸುತ್ತಿ ಬಿದ್ದದ್ದಿದ್ದರೆ, ಒಮ್ಮೆ ಇಸಿಜಿ ಮಾಡಿಸಿ ವೈದ್ಯರಿಗೆ ತೋರಿಸದೆ ಮೈದಾನಕ್ಕೆ ಕಳುಹಿಸಬಾರದು.

ಮುವಾಂಬ ಪ್ರಕರಣದ ನಂತರ, 2013ರಲ್ಲಿ, ಫಿಫಾ ತನ್ನ 209 ಸದಸ್ಯ ಸಂಸ್ಥೆಗಳಿಗೂ ಯಂತ್ರ ಸಹಿತವಾದ ತುರ್ತು ಚಿಕಿತ್ಸೆಯ ಚೀಲವನ್ನು ಕಳುಹಿಸಿತು. ಆ ಚೀಲ ನಮ್ಮ ಗದ್ದೆಯವರೆಗೆ ಬರುವುದಿಲ್ಲ. ಇಲ್ಲಿ ಮಾಡಬೇಕಾದ್ದನ್ನು ಇಲ್ಲಿಯವರೇ ಮಾಡಬೇಕು. ಎಇಡಿ ಯಂತ್ರದ ಬೆಲೆ ಸುಮಾರು ಒಂದು ಲಕ್ಷ ರೂಪಾಯಿಯ ಆಸುಪಾಸು. ಒಂದು ಸಂಘಕ್ಕೆ ಅದು ಹೊರೆ. ಆದರೆ ತಾಲೂಕಿನ ಎಲ್ಲ ಸಂಘಗಳು, ದೇವಸ್ಥಾನ, ಇಗರ್ಜಿಗಳ ಯುವಕ ಮಂಡಲಗಳೂ ಸೇರಿದಂತೆ, ಒಟ್ಟಾಗಿ ಒಂದನ್ನು ಕೊಂಡು ಪಂದ್ಯಾಟ ಇದ್ದಲ್ಲಿಗೆ ಒಯ್ಯಬಹುದು. ಆಳೆತ್ತರದ ಟ್ರೋಫಿಗೆ, ಲೈಟಿಗೆ, ಮೈಕಿಗೆ ಸುರಿಯುವ ಹಣದ ಮುಂದೆ ಅದು ಹೆಚ್ಚೇನಲ್ಲ. ಯಂತ್ರ ಬರುವವರೆಗೂ ಕೈ ಇದೆ. ಬಿದ್ದವನು ಕರೆದರೆ ಓಗೊಡದೆ, ಸರಿಯಾಗಿ ಉಸಿರಾಡದೆ ಇದ್ದರೆ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ, ಎರಡು ಇಂಚಿನಷ್ಟು ಆಳಕ್ಕೆ ಒತ್ತುತ್ತಿರಬೇಕು. ಆಗಾಗ ಬಾಯಿ ತೆರೆದು ಏದುಸಿರಿನಂತೆ ಎಳೆದುಕೊಳ್ಳುವುದನ್ನು ಉಸಿರಾಟ ಎಂದು ತಿಳಿಯಬಾರದು. ಕೈಕಾಲು ಒದರಿದರೆ ಮೂರ್ಛೆರೋಗ ಎಂದು ಕೈಗೆ ಕಬ್ಬಿಣ ಹಿಡಿಸುತ್ತಾ ಕೂರಬಾರದು. ಒಬ್ಬರಿಗೆ ಸುಸ್ತಾದರೆ ಇನ್ನೊಬ್ಬರು ಒತ್ತಬೇಕು, ಮತ್ತೊಬ್ಬರು 108ಕ್ಕೆ ಫೋನ್ ಮಾಡಬೇಕು. ಇದನ್ನು ಬೊಂಬೆಯ ಮೇಲೆ ಕಲಿಸಲು ಅರ್ಧ ದಿನ ಸಾಕು. ಆಸ್ಪತ್ರೆಗಳಲ್ಲಿ, ವೈದ್ಯಕೀಯ ಕಾಲೇಜುಗಳಲ್ಲಿ ಕೇಳಿದರೆ ಬಂದು ಕಲಿಸುವವರಿದ್ದಾರೆ. ಮದ್ರಸದ ಹಾಲ್‌ನಲ್ಲೇ ಒಂದು ಭಾನುವಾರ ಏರ್ಪಾಡು ಮಾಡಬಹುದು. ಹೆಣ್ಣುಮಕ್ಕಳಿಗೂ ಬೇರೆಯಾಗಿ ಕಲಿಸಬೇಕು, ಹೃದಯ ನಿಲ್ಲುವುದು ಮೈದಾನದಲ್ಲಿ ಮಾತ್ರ ಅಲ್ಲ.

ಇನ್ನೊಂದು ಸಣ್ಣ ವಿಷಯ. ನಮ್ಮ ಪಂದ್ಯಾಟಗಳಲ್ಲಿ ಮೈದಾನದ ಒಂದೇ ದಾರಿಗೆ ಅಡ್ಡಲಾಗಿ ನೂರಾರು ಬೈಕುಗಳು ನಿಂತಿರುತ್ತವೆ, ಅದರಾಚೆ ಚುರುಮುರಿ, ಐಸ್‌ಕ್ರೀಮ್ ಗಾಡಿಗಳು. ಆಂಬ್ಯುಲೆನ್ಸ್ ಬಂದರೂ ಒಳಗೆ ಬಾರದು. ಮಂಗಳೂರು ನಮಗೆ ದೂರ, ಹತ್ತಿರದ್ದು ಬೆಳ್ತಂಗಡಿಯ ತಾಲೂಕು ಆಸ್ಪತ್ರೆ. ಅಲ್ಲಿಂದ ಮೈದಾನಕ್ಕೆ ಗಾಡಿ ಬರಲು ಎಷ್ಟು ನಿಮಿಷ ಹಿಡಿಯುತ್ತದೆಂದು ಪಂದ್ಯಾಟಕ್ಕೆ ಒಂದು ವಾರ ಮುಂಚೆಯೇ ಸಂಘಟಕರು ಒಮ್ಮೆ ಓಡಿಸಿ ನೋಡಲಿ. ಹಗಲಲ್ಲಿ ಅಲ್ಲ, ಶನಿವಾರ ರಾತ್ರಿ ಎಂಟು ಗಂಟೆಗೆ, ಧರ್ಮಸ್ಥಳಕ್ಕೆ ಹೋಗಿ ಬರುವ ವಾಹನಗಳು ಗುರುವಾಯನಕೆರೆ ಪೇಟೆಯಲ್ಲಿ ಸಾಲುಗಟ್ಟಿ ನಿಂತಿರುವಾಗ.